ಮಿನಿ ಪಿಸಿಗೆ ಲಿನಕ್ಸ್: ಮೊದಲು ಲೆಕ್ಕಪತ್ರ ಭದ್ರವಾಗಲಿ

ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಆದ್ದರಿಂದ ಅಂಗಡಿಯ ಹಳೆಯ ಮಿನಿ ಪಿಸಿಗೆ ಉಚಿತ ಲಿನಕ್ಸ್ ಅಳವಡಿಸಲು ವರ್ತಕರು ಯೋಚಿಸುವುದು ಸಹಜ. ಆದರೆ ಅಳವಡಿಕೆ ಸುಗಮವಾಗಿ ಮುಗಿದರೂ, ಮರಳಿ ಚಾಲೂ ಮಾಡಿದಾಗ ಯಂತ್ರವು ಬೂಟ್ ಆಗದೆ ನಿಂತುಬಿಡುವುದುಂಟು.

ಇದು ಡಿಸ್ಕಿನ ದೋಷವೇ ಆಗಿರಬೇಕೆಂದಿಲ್ಲ. 2015ರ ಆಸುಪಾಸಿನ, ಇಂಟೆಲ್ ಆಟಮ್ ಝಡ್3735ಎಫ್ ಬಳಸಿದ ಹಲವು ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್‌ನದಾದರೂ ಯುಇಎಫ್ಐ ಫರ್ಮ್‌ವೇರ್ 32 ಬಿಟ್‌ನದು. ಅದಕ್ಕೆ 32 ಬಿಟ್‌ನ ಬೂಟ್ ಲೋಡರೇ ಬೇಕು. ಇನ್ನು ಕೆಲವು ಫರ್ಮ್‌ವೇರ್‌ಗಳು ಇಎಫ್ಐ ವಿಭಾಗದ 'ಬೂಟ್' ಫೋಲ್ಡರಿನಲ್ಲಿ ಮಾತ್ರ ಲೋಡರನ್ನು ಹುಡುಕುತ್ತವೆ. ಗ್ರಬ್ ಲೋಡರನ್ನು 'ರಿಮೂವಬಲ್' ಆಯ್ಕೆಯೊಡನೆ ಮರುಸ್ಥಾಪಿಸಿದರೆ ಅದು ಅಲ್ಲಿಯೇ ನೆಲೆಗೊಳ್ಳುತ್ತದೆ.

ಬೂಟ್ ದೋಷವನ್ನು ಸರಿಪಡಿಸಬಹುದು. ಅಳಿಸಿಹೋದ ಲೆಕ್ಕವನ್ನು ಮರಳಿ ಪಡೆಯುವುದು ಕಷ್ಟ. ಅಳವಡಿಕೆಯಲ್ಲಿ ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯೂ ಇರುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. ಆದುದರಿಂದ ಮೊದಲು ಬ್ಯಾಕಪ್ ತೆಗೆದು, ಅದು ಇನ್ನೊಂದು ಯಂತ್ರದಲ್ಲಿ ತೆರೆಯುವುದೇ ಎಂದು ಪರೀಕ್ಷಿಸಬೇಕು. ಬಳಿಕ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಲಾಯಿಸಿ ಪ್ರಿಂಟರ್, ಲೆಕ್ಕದ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್‌ಗಳನ್ನು ಪರಿಶೀಲಿಸಬೇಕು. ಇವೆಲ್ಲವೂ ಸರಿಯೆನಿಸಿದ ಮೇಲೆಯೇ ಡಿಸ್ಕಿಗೆ ಕೈಹಚ್ಚುವುದು ಲೇಸು.