ಒಂದೇ ತೂಬು, ಹಲವು ಗದ್ದೆ

ಸಿಂಧನೂರು, ಮಸ್ಕಿ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ರೈತನಿಗೆ ನೀರೆಂಬುದು ಸರದಿಯ ಪ್ರಶ್ನೆ. ಮೇಲ್ಭಾಗದವರು ತೂಬನ್ನು ಮನಬಂದಂತೆ ತೆರೆದಿಟ್ಟರೆ ಕೆಳಭಾಗದ ಗದ್ದೆ ಬಿರುಕು ಬಿಡುವುದು. ಕಾಲುವೆಯಲ್ಲಿ ನೀರಿದ್ದರೆ ಸಾಲದು, ಅದನ್ನು ನ್ಯಾಯವಾಗಿ ಹಂಚುವ ನೀರುಗಂಟಿಯೂ ಬೇಕೆಂಬುದನ್ನು ಅಲ್ಲಿಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಅಂತರಜಾಲ ಸಂಪರ್ಕವನ್ನು ಹತ್ತು ಗಣಕಯಂತ್ರಗಳಿಗೆ ಹಂಚುವ ವಿದ್ಯೆಯೂ ಇಂಥದೇ. ಅಲ್ಲಿಯ ನೀರುಗಂಟಿಗೆ ‘ಪ್ರಾಕ್ಸಿ’ ಎಂದು ಹೆಸರು.

ನಮ್ಮ ದೇಶದಲ್ಲಿ ಅಂತರಜಾಲದ ಬಾಗಿಲು ಜನಸಾಮಾನ್ಯರಿಗೆ ತೆರೆದುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮುಂದೆ ಪೇಟೆಗಳಲ್ಲಿ ಸೈಬರ್ ಕೆಫೆಗಳು ತಲೆಯೆತ್ತಿದವು. ಅಲ್ಲಿ ದೂರವಾಣಿಯ ತಂತಿಯೊಂದು, ಅದನ್ನು ನೆಚ್ಚಿದ ಯಂತ್ರಗಳು ನಾಲ್ಕೈದು. 56 ಕಿಲೋಬಿಟ್ಟಿನ ಮೋಡೆಮ್ ಸೆಕೆಂಡಿಗೆ ತರಬಲ್ಲುದು ಹೆಚ್ಚೆಂದರೆ 7 ಕಿಲೋಬೈಟು. 70 ಕಿಲೋಬೈಟಿನ ಚಿತ್ರವೊಂದು ಇಳಿಯಲು 10 ಸೆಕೆಂಡು ಬೇಕು. ಅದನ್ನೇ ಐವರು ಒಮ್ಮೆಗೆ ಕೇಳಿದರೆ 50 ಸೆಕೆಂಡು!

ಈ ಇಕ್ಕಟ್ಟಿಗೆ ಪ್ರಾಕ್ಸಿ ಒದಗಿಸಿದ ಪರಿಹಾರ ಸರಳವಾದುದು. ಯಂತ್ರಗಳಿಗೂ ಹೊರಜಗತ್ತಿಗೂ ನಡುವೆ ನಿಂತು, ಎಲ್ಲರ ಪರವಾಗಿ ತಾನೇ ಕೇಳಿ, ತಂದು, ಕೊಡುವುದು ಅದರ ಕೆಲಸ. ತಂದುದರ ಪ್ರತಿಯೊಂದನ್ನು ತನ್ನ ಉಗ್ರಾಣದಲ್ಲಿಯೂ ಇಟ್ಟುಕೊಳ್ಳುವುದು. ಎರಡನೆಯವನು ಅದೇ ಪುಟವನ್ನು ಕೇಳಿದಾಗ ಹೊರಗೆ ಹೋಗದೆ ಅಲ್ಲಿಂದಲೇ ಎತ್ತಿಕೊಡುವುದು. ಆರಿ ಲುವೊಟೋನೆನ್ ಮತ್ತು ಕೆವಿನ್ ಆಲ್ಟಿಸ್ ಎಂಬಿಬ್ಬರು 1994ರಲ್ಲಿ ಜಿನೀವಾದ ಸಮ್ಮೇಳನವೊಂದರಲ್ಲಿ ಈ ಕ್ರಮವನ್ನು ವಿವರಿಸಿದರು. 1996ರಲ್ಲಿ ಹೊರಬಂದ ‘ಸ್ಕ್ವಿಡ್’ ಎಂಬ ತಂತ್ರಾಂಶವು ಅದನ್ನು ಬಿಡಿಕಾಸಿನ ವೆಚ್ಚವಿಲ್ಲದೆ ಎಲ್ಲರ ಕೈಗೆ ಎಟುಕಿಸಿತು.

ಪ್ರಾಕ್ಸಿಗೆ ಮತ್ತೊಂದು ಗುಣವುಂಟು. ಹೊರಗಿನವರಿಗೆ ಕಾಣುವುದು ಅದರ ವಿಳಾಸವೊಂದೇ. ಹಿಂದಿರುವ ಯಂತ್ರಗಳ ವಿಳಾಸ ಮರೆಯಲ್ಲಿರುವುದು. ಮಸ್ಕಿಯವರಿಗೆ ಇದು ಪರಿಚಿತವಾದ ಕಥೆ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೊರೆಯು ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದೆ ಮರೆಯಾಗಿದ್ದನು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಆ ಬಿರುದಿನೊಡನೆ ಅಶೋಕನೆಂಬ ಹೆಸರೂ ಸಿಕ್ಕಿತು. ಪ್ರಾಕ್ಸಿಯಲ್ಲಿಯೂ ಹಾಗೆಯೇ: ಹೊರಗೆ ಕಾಣದ ಗುರುತು ಒಳಗಿನ ದಿನಚರಿಯಲ್ಲಿ ಬರೆದಿರುವುದು. ಯಾವ ಯಂತ್ರವು ಯಾವ ಗಳಿಗೆಯಲ್ಲಿ ಯಾವ ತಾಣವನ್ನು ಕೇಳಿತೆಂಬುದೆಲ್ಲ ಅಲ್ಲಿ ದಾಖಲು. ಸೈಬರ್ ಕೆಫೆಗಳು ಈ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದು 2011ರ ಕೇಂದ್ರ ನಿಯಮಗಳು ವಿಧಿಸಿದವು. ಅಂದಮೇಲೆ ಪ್ರಾಕ್ಸಿಯ ಬೀಗದ ಕೈ ಹಿಡಿದವನು ಹತ್ತು ಜನರ ಗುಟ್ಟನ್ನೂ ಹಿಡಿದವನೆಂದು ಬೇರೆ ಹೇಳಬೇಕೆ?

ಕಾಲ ಬದಲಾಗಿದೆ. ಇಂದು ಬಹುಪಾಲು ಪುಟಗಳು ಅರಗಿನ ಮುದ್ರೆಯೊತ್ತಿದ ಲಕೋಟೆಯಂತೆ ಗೂಢಲಿಪಿಯಲ್ಲಿ ಬರುತ್ತವೆ. ಪ್ರಾಕ್ಸಿ ಆ ಲಕೋಟೆಯನ್ನು ದಾಟಿಸಬಲ್ಲುದೇ ಹೊರತು ಒಡೆಯದೆ ಓದಲಾರದು, ಪ್ರತಿಯಿಡಲಾರದು. ಆದ್ದರಿಂದ ಉಗ್ರಾಣದ ಪ್ರಯೋಜನ ಕುಗ್ಗಿದೆ. ಸಂಪರ್ಕವನ್ನು ಬರಿದೆ ಹಂಚುವ ಕೆಲಸವನ್ನು ಅಂಗೈಯಗಲದ ರೌಟರುಗಳೇ ಮಾಡುತ್ತಿವೆ.

ಆದರೆ ಸರದಿಯ ಪ್ರಶ್ನೆ ಉಳಿದೇ ಇದೆ. ತಂತಿಯ ವೇಗ ಹೆಚ್ಚಿದಂತೆ ಬಯಕೆಯೂ ಹೆಚ್ಚಿತು. ಒಂದು ಕೊಠಡಿಯ ಮೊದಲ ಯಂತ್ರದಲ್ಲಿ ಒಬ್ಬನು ಚಲನಚಿತ್ರ ಇಳಿಸುತ್ತಿದ್ದರೆ, ಕೊನೆಯ ಯಂತ್ರದಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊನೆಯ ದಿನದಂದು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರಬಹುದು. ಚಿತ್ರ ಒಂದು ಗಂಟೆ ತಡವಾದರೆ ನಷ್ಟವಿಲ್ಲ. ಅರ್ಜಿ ತಡವಾದರೆ ಒಂದು ವರ್ಷದ ಓದಿಗೇ ಸಂಚಕಾರ. ಒಂದೊಂದು ಯಂತ್ರಕ್ಕೂ ಇಷ್ಟೇ ವೇಗವೆಂದು ಮಿತಿ ಹಾಕುವ ಏರ್ಪಾಡು ಸ್ಕ್ವಿಡ್‌ನಲ್ಲಿ ಉಂಟು. ಅದನ್ನು ಬಳಸುವ ಮನಸ್ಸು ಮಾತ್ರ ಯಂತ್ರದ್ದಲ್ಲ, ಮನುಷ್ಯನದು. ಕೊನೆಯ ಗದ್ದೆಗೆ ನೀರು ತಲುಪಿತೇ ಎಂದು ನೋಡಿ ಬರುವವನೇ ಒಳ್ಳೆಯ ನೀರುಗಂಟಿ.