ಒಂದನೇ ಕ್ಲಾಸಿನ ಮೇಡಂ ಆಗೋಕೆ ಯಾವ ಡಿಗ್ರಿ?

ಮೇ ತಿಂಗಳ ಒಂದು ಶನಿವಾರ ಸಂಜೆ, ಬೆಂಗಳೂರಿನಿಂದ ಬಂದವನು ಚಿಕ್ಕಪ್ಪನ ಮನೆ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದೆ. ಅವರ ಊರು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ, ತೆರಕಣಾಂಬಿ ಹತ್ತಿರ. ಎದುರಿನ ಹೊಲದಲ್ಲಿ ಚೆಂಡು ಹೂವಿನ ಸಸಿ ನೆಟ್ಟಿದ್ದರು. ಚಿಕ್ಕಪ್ಪನ ಕಿರಿ ಮಗಳು ದ್ವಿತೀಯ ಪಿಯುಸಿ ಒಳ್ಳೆ ಅಂಕದಲ್ಲಿ ಪಾಸಾಗಿದ್ದಳು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಚಿಕ್ಕಪ್ಪ ವಿಷಯಕ್ಕೆ ಬಂದರು.

‘ಲೋ ಮಗ, ನೀನು ಕಂಪ್ಯೂಟ್ರಲ್ಲಿ ಇರೋನು. ಇವಳು ಟೀಚರ್ ಆಯ್ತೀನಿ ಅಂತಾಳ. ಅದೂ ಒಂದ್ನೇ ಕ್ಲಾಸ್ ಎರಡ್ನೇ ಕ್ಲಾಸ್ ಮಕ್ಕಳ್ಗೆ. ಯಾವ್ ಡಿಗ್ರಿಗೆ ಸೇರಿಸ್ಬೇಕು, ನೋಡ್ ಹೇಳು.’

ನಾನು ನೋಡಲೂ ಇಲ್ಲ. ‘ಬಿ.ಎ. ಮೂರು ವರ್ಷ, ಆಮೇಲೆ ಬಿ.ಎಡ್. ಎರಡು ವರ್ಷ. ಐದು ವರ್ಷಕ್ಕೆ ಟೀಚರ್’ ಅಂದುಬಿಟ್ಟೆ.

ಬಾಗಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದ ದೊಡ್ಡ ಮಗಳು ತಲೆ ಎತ್ತದೆ ಹೇಳಿದಳು: ‘ಅಣ್ಣ, ನಾನೂ ಅದ್ನೇ ಮಾಡಿದ್ದು.’

ಅವಳ ಕತೆ ನನಗೆ ಅರ್ಧ ಮಾತ್ರ ಗೊತ್ತಿತ್ತು. ಬಿ.ಎ. ಮುಗಿಸಿ ಬಿ.ಎಡ್. ಸೇರಿದ್ದಳು. ಅವಳಿಗೂ ಇದ್ದ ಆಸೆ ಸಣ್ಣ ಮಕ್ಕಳ ಕ್ಲಾಸೇ. ಬಿ.ಎಡ್. ಇದ್ದರೆ ಎಲ್ಲದಕ್ಕೂ ಆಗುತ್ತೆ ಅಂತ ಕೋಚಿಂಗ್ ಸೆಂಟರ್ ಒಂದರಲ್ಲಿ ಹೇಳಿದ್ದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. 2018ರ ಜೂನ್‌ನಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ, ಅಂದರೆ ಎನ್‌ಸಿಟಿಇ, ಬಿ.ಎಡ್. ಆದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು ಅಂತ ಅಧಿಸೂಚನೆ ಹೊರಡಿಸಿತ್ತು. ಇವಳ ಕೊನೆಯ ಪರೀಕ್ಷೆ ಮುಗಿದ ವರ್ಷವೇ, 2023ರ ಆಗಸ್ಟ್ 11ರಂದು, ಸುಪ್ರೀಂ ಕೋರ್ಟ್ ತೀರ್ಪು ಬಂತು. ಪ್ರಾಥಮಿಕ ಹಂತಕ್ಕೆ ಬಿ.ಎಡ್. ಅರ್ಹತೆ ಅಲ್ಲ, 2018ರ ಅಧಿಸೂಚನೆ ನಿಲ್ಲುವುದಿಲ್ಲ ಅಂದಿತು ಕೋರ್ಟ್. ಬಿ.ಎಡ್.ನಲ್ಲಿ ಕಲಿಸುವುದು ದೊಡ್ಡ ಮಕ್ಕಳಿಗೆ ಪಾಠ ಮಾಡುವ ವಿದ್ಯೆ, ಪುಟ್ಟ ಮಕ್ಕಳಿಗೆ ಬೇಕಾದ ತರಬೇತಿಯೇ ಬೇರೆ. ಗುಣಮಟ್ಟದ ಶಿಕ್ಷಣ ಮಗುವಿನ ಹಕ್ಕಿನ ಭಾಗ ಅನ್ನುವುದು ಅದರ ತಿರುಳು. ತೀರ್ಪಿಗೆ ಮೊದಲೇ ಕೆಲಸಕ್ಕೆ ಸೇರಿದ್ದವರಿಗೆ ಆಮೇಲೆ ರಕ್ಷಣೆ ಸಿಕ್ಕಿತು. ಇನ್ನೂ ಅರ್ಜಿ ಹಿಡಿದು ಕಾಯುತ್ತಿದ್ದ ನನ್ನ ತಂಗಿಯಂಥವರಿಗೆ ಸಿಗಲಿಲ್ಲ.

ಈಗ ಅವಳು ಖಾಸಗಿ ಶಾಲೆಯೊಂದರಲ್ಲಿ ಏಳು, ಎಂಟನೇ ತರಗತಿಗೆ ಪಾಠ ಮಾಡುತ್ತಾಳೆ. ಕೆಟ್ಟ ಕೆಲಸವೇನಲ್ಲ. ಆದರೆ ಅವಳು ಕೇಳಿದ ಕ್ಲಾಸು ಅದಲ್ಲ.

ಆ ರಾತ್ರಿ ಊಟ ಆದಮೇಲೆ ನಾನು, ಇಬ್ಬರು ತಂಗಿಯರು ಕೂತು ಮೊದಲಿಂದ ನೋಡಿದೆವು. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಬಳಸುವವರು ಯಾರು ಅಂತ ಮೊದಲು ಕೇಳಿಕೊಂಡು ಅಲ್ಲಿಂದ ಹಿಂದಕ್ಕೆ ಬರಬೇಕು. ಇಲ್ಲೂ ಹಾಗೇ. ‘ಯಾವ ಡಿಗ್ರಿ’ ಅನ್ನುವುದು ಎರಡನೇ ಪ್ರಶ್ನೆ, ‘ಯಾವ ತರಗತಿಯ ಮಕ್ಕಳು’ ಅನ್ನುವುದು ಮೊದಲನೆಯದು.

ನಮ್ಮ ದೇಶದಲ್ಲಿ ಟೀಚರ್ ಲೈಸೆನ್ಸ್ ಅಂತ ಒಂದು ಕಾರ್ಡ್ ಇಲ್ಲ. ಅಮೆರಿಕದಲ್ಲಿ ಡಿಗ್ರಿಯ ಜೊತೆಗೇ ಶಾಲೆಯಲ್ಲಿ ಪಾಠ ಮಾಡಿ, ಆಯಾ ರಾಜ್ಯದಿಂದ ಲೈಸೆನ್ಸ್ ತಗೋಬೇಕು. ಫಿನ್ಲೆಂಡ್‌ನಲ್ಲಂತೂ 1979ರಿಂದ ಒಂದನೇ ಕ್ಲಾಸಿನ ಟೀಚರಿಗೂ ಸ್ನಾತಕೋತ್ತರ ಪದವಿ ಬೇಕು. ನಮ್ಮಲ್ಲಿ ಆ ಜಾಗದಲ್ಲಿರುವುದು ಎರಡು ಕಾಗದ: ತರಬೇತಿಯ ಸರ್ಟಿಫಿಕೇಟು ಮತ್ತು ಟಿಇಟಿ. 1ರಿಂದ 5ಕ್ಕೆ ಬೇಕಾದ ತರಬೇತಿ ಡಿ.ಎಲ್.ಎಡ್., ಪಿಯುಸಿ ಆದಮೇಲಿನ ಎರಡು ವರ್ಷದ ಡಿಪ್ಲೊಮಾ. ನಮ್ಮ ಅಮ್ಮಂದಿರ ಕಾಲದಲ್ಲಿ ಟಿಸಿಎಚ್ ಅನ್ನುತ್ತಿದ್ದರಲ್ಲ, ಆಮೇಲೆ ಡಿ.ಎಡ್. ಆಯಿತಲ್ಲ, ಅದೇ ವಂಶ. ಪಿಯುಸಿಯಲ್ಲಿ ಶೇ 50 ಇರಬೇಕು, ಮೀಸಲಾತಿ ಇರುವವರಿಗೆ ಶೇ 45. 6ರಿಂದ 8ನೇ ತರಗತಿಯದು ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ. ಅದಕ್ಕೆ ಡಿಗ್ರಿ ಬೇಕು, ಜೊತೆಗೆ ಡಿ.ಎಲ್.ಎಡ್. ಅಥವಾ ಬಿ.ಎಡ್. ಎರಡರಲ್ಲಿ ಒಂದು. ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್.

ಇದನ್ನು ಒಂದು ಹಾಳೆಯ ಮೇಲೆ ಬರೆದಾಗ ದೊಡ್ಡವಳು ಸುಮ್ಮನೆ ನೋಡಿದಳು. ಐದು ವರ್ಷದ ಹಿಂದೆ ಇಂಥ ಒಂದು ಹಾಳೆ ಯಾರಾದರೂ ಕೈಗೆ ಕೊಟ್ಟಿದ್ದರೆ ಅಂತ ಅವಳಿಗೆ ಅನ್ನಿಸಿರಬೇಕು. ಕೇಳಲಿಲ್ಲ.

ಬೆಳಗ್ಗೆ ಚಿಕ್ಕಪ್ಪನಿಗೆ ಹೇಳಿದಾಗ ಮುಖ ಸಣ್ಣ ಮಾಡಿದರು. ‘ಡಿಪ್ಲೊಮಾನ? ಡಿಗ್ರಿ ಇಲ್ದಿದ್ರ, ನಾಳ ಗಂಡಿನ ಕಡೆಯೋರು ಏನ್ ಓದವ್ಳ ಅಂದ್ರ ಏನ್ ಹೇಳದು?’ ಒಳಗಿನಿಂದ ಚಿಕ್ಕವ್ವನೂ ದನಿ ಸೇರಿಸಿದರು: ಅಕ್ಕನದು ಎರಡು ಡಿಗ್ರಿ, ತಂಗಿಯದು ಡಿಪ್ಲೊಮಾ ಅಂದರೆ ಊರವರು ಆಡಿಕೊಳ್ಳುತ್ತಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹೆಣ್ಣುಮಕ್ಕಳ ಓದು ನಿಂತುಹೋಗುವುದು ಬಹಳ ಸಲ ಇಂಥ ಮಾತುಗಳಿಂದಲೇ.

ಆಗ ಪಕ್ಕದ ಮನೆಯ ಹುಡುಗ ಪುಸ್ತಕ ಹಿಡಿದು ಬಂದ. ಮೂರನೇ ಕ್ಲಾಸು ಮುಗಿಸಿದವನು. ರಜೆಯಲ್ಲಿ ಚಿಕ್ಕವಳ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಾನೆ. 52ರಲ್ಲಿ 27 ಕಳೆದು 35 ಅಂತ ಬರೆದಿದ್ದ. ಇಂಜಿನಿಯರ್ ಆದ ನಾನು ಬಿಡುತ್ತೇನೆಯೇ? ‘ತಪ್ಪು ಕಣೋ, ಪಕ್ಕದಿಂದ ಹತ್ತು ಸಾಲ ತಗೋಬೇಕು’ ಅಂತ ಮಾಡಿ ತೋರಿಸಿದೆ. ತಲೆಯಾಡಿಸಿದ. 63ರಲ್ಲಿ 38 ಕೊಟ್ಟೆ. ಮತ್ತೆ 35 ಬರೆದ!

ಚಿಕ್ಕವಳು ನಕ್ಕಳು. ‘ಅಣ್ಣ, ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ಒಂದನೇ ಕ್ಲಾಸಲ್ಲಿ ಕಲ್ತವ್ನೆ. ಅದ್ನೇ ಇಲ್ಲೂ ಮಾಡ್ತಾವ್ನೆ. ಏಳರಲ್ಲಿ ಎರಡು ಹೋದ್ರೆ ಐದು, ಐದರಲ್ಲಿ ಎರಡು ಹೋದ್ರೆ ಮೂರು. ಅವನ ಲೆಕ್ಕದಲ್ಲಿ ಅವನು ಸರಿ.’ ಆಮೇಲೆ ಪೊರಕೆಯಿಂದ ಕಡ್ಡಿ ಕಿತ್ತು ಹತ್ತು ಹತ್ತರ ಕಟ್ಟು ಮಾಡಿ ದಾರ ಸುತ್ತಿದಳು. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು, ‘ನನಗೆ ಏಳು ಬಿಡಿ ಕಡ್ಡಿ ಕೊಡು’ ಅಂದಳು. ಹುಡುಗ ಎರಡನ್ನು ಕೊಟ್ಟು ನಿಂತ. ಕಟ್ಟುಗಳನ್ನೇ ನೋಡಿದ. ಆಮೇಲೆ ತಾನೇ ಒಂದು ಕಟ್ಟಿನ ದಾರ ಬಿಚ್ಚಿದ.

ಚಿಕ್ಕಪ್ಪ ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದರು.

ಡಿ.ಎಲ್.ಎಡ್. ಅಂದರೆ ಇದೇ: ಮಗು ಯಾಕೆ ತಪ್ಪು ಮಾಡಿತು ಅಂತ ಕಂಡುಹಿಡಿಯುವ ವಿದ್ಯೆ. ಮಧ್ಯಾಹ್ನ ನಾನು ಕುತೂಹಲಕ್ಕೆ ಟಿಇಟಿಯ ಹಳೆಯ ಪೇಪರ್ 1 ಬಿಡಿಸಿ ನೋಡಿದೆ. 150 ಪ್ರಶ್ನೆ, 150 ಅಂಕ. ಮಕ್ಕಳ ಬೆಳವಣಿಗೆ ಮತ್ತು ಬೋಧನೆ, ಮೊದಲ ಭಾಷೆ, ಎರಡನೇ ಭಾಷೆ, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೂ 30. ಲೆಕ್ಕಗಳೆಲ್ಲ ಸರಿ ಬಂದವು. ಆ ಲೆಕ್ಕವನ್ನು ಮಗುವಿಗೆ ಹೇಗೆ ಕಲಿಸುತ್ತೀರಿ ಅನ್ನುವ ಪ್ರಶ್ನೆಗಳಲ್ಲಿ ಸಾಲಾಗಿ ಎಡವಿದೆ. ಪಾಸಾಗಲು ಶೇ 60 ಬೇಕು, ಅಂದರೆ 90 ಅಂಕ. ನನ್ನ ಅಂಕ ಇಲ್ಲಿ ಬರೆಯುವುದಿಲ್ಲ.

ನಮ್ಮ ಪಕ್ಕದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪುಟ್ಟ ಮಕ್ಕಳು ಕಲಿಯುವ ‘ನಲಿ-ಕಲಿ’ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು, ಹಾಡು ಆಟಗಳನ್ನು ಮಾಡಿಕೊಂಡರು. ಸಣ್ಣ ಕ್ಲಾಸಿನ ಟೀಚರು ಅಂದರೆ ಓದು ಕಮ್ಮಿ ಇರುವವರು ಅನ್ನುವವರು ಇದನ್ನೊಮ್ಮೆ ನೆನೆಯಬೇಕು.

ಹಾಗಾದರೆ ಡಿಗ್ರಿಯ ಜೊತೆಗೇ ಇದನ್ನು ಮಾಡುವ ದಾರಿ ಇಲ್ಲವೇ? ಇದೆ. ದೆಹಲಿ ವಿಶ್ವವಿದ್ಯಾಲಯ 1994ರಲ್ಲೇ ನಾಲ್ಕು ವರ್ಷದ ಬಿ.ಎಲ್.ಎಡ್. ಅನ್ನುವ ಪದವಿ ಶುರು ಮಾಡಿತು, ಪ್ರಾಥಮಿಕ ಶಿಕ್ಷಕರಿಗಾಗಿಯೇ. ಈಗ ದೇಶದಾದ್ಯಂತ ಬರುತ್ತಿರುವುದು ಐಟಿಇಪಿ, ಡಿಗ್ರಿ ಮತ್ತು ಬಿ.ಎಡ್. ಸೇರಿದ ನಾಲ್ಕು ವರ್ಷದ ಕೋರ್ಸು. ಅದಕ್ಕೆ ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಗುಂಡ್ಲುಪೇಟೆಯಿಂದ 60 ಕಿ.ಮೀ. ದೂರದ ಮೈಸೂರಿನಲ್ಲಿ 1963ರಿಂದ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ನಾಲ್ಕು ವರ್ಷದ ಸಂಯೋಜಿತ ಕೋರ್ಸುಗಳಿಗೆ ಮೊದಲಿನಿಂದ ಹೆಸರಾದದ್ದು. ಆದರೆ ಐಟಿಇಪಿಯಲ್ಲಿ ಬುನಾದಿ, ಪೂರ್ವಸಿದ್ಧತಾ, ಮಾಧ್ಯಮಿಕ, ಪ್ರೌಢ ಅಂತ ಹಂತಗಳಿವೆ. ಯಾವ ಕಾಲೇಜಿಗೆ ಯಾವ ಹಂತಕ್ಕೆ ಅನುಮತಿ ಸಿಕ್ಕಿದೆ ಅಂತ ನೋಡದೆ ಸೇರಿದರೆ, ನಾಲ್ಕು ವರ್ಷದ ಕೊನೆಗೆ ಮತ್ತೆ ಹೈಸ್ಕೂಲ್ ಬಾಗಿಲಲ್ಲೇ ನಿಲ್ಲಬೇಕಾದೀತು. ‘ಸಂಯೋಜಿತ’ ಅನ್ನುವ ಪದ ನೋಡಿ ಖುಷಿಪಡಬೇಡಿ, ಹಂತ ಯಾವುದು ಅಂತ ಕೇಳಿ. ನಮ್ಮ ಹುಡುಗಿ ಈ ವರ್ಷ ಆ ಪರೀಕ್ಷೆ ಬರೆದಿರಲಿಲ್ಲ. ಅದೊಂದು ವರ್ಷ ಕಾಯುವ ಮನಸ್ಸೂ ಅವಳಿಗಿರಲಿಲ್ಲ.

ಸೋಮವಾರ ರಜೆ ಹಾಕಿ ಅವಳ ಜೊತೆ ಚಾಮರಾಜನಗರದ ಡಯಟ್‌ಗೆ ಹೋದೆ. ಬಸ್ಸಿನಲ್ಲಿ ನನಗೆ ದುಡ್ಡಿನ ಟಿಕೆಟು, ಅವಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟು. ಡಿ.ಎಲ್.ಎಡ್. ಕಲಿಯುವ ಹುಡುಗಿಗೆ ಎರಡು ವರ್ಷದ ಓಡಾಟ ಪುಕ್ಕಟೆ ಅನ್ನುವುದು ಚಿಕ್ಕಪ್ಪನ ಲೆಕ್ಕದಲ್ಲಿ ದೊಡ್ಡ ಅಂಶವಾಯಿತು, ನಾನು ಹೇಳಿದ ಸುಪ್ರೀಂ ಕೋರ್ಟ್ ತೀರ್ಪಿಗಿಂತ ದೊಡ್ಡದು! ಡಯಟ್‌ನಲ್ಲಿ ಮೇಡಂ ಒಬ್ಬರು ತಾಳ್ಮೆಯಿಂದ ವಿವರಿಸಿದರು. ಸರ್ಕಾರಿ ಸೀಟಿಗೆ ನೇರವಾಗಿ ಬಂದು ಸೇರುವ ಹಾಗಿಲ್ಲ. ಶಿಕ್ಷಣ ಇಲಾಖೆ ಪ್ರಕಟಣೆ ಹೊರಡಿಸಿದಾಗ ಆನ್‌ಲೈನ್ ಅರ್ಜಿ, ಪಿಯುಸಿ ಅಂಕ ಮತ್ತು ಮೀಸಲಾತಿ ನೋಡಿ ಆಯ್ಕೆ. ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ ಅಂದರು. ಕೊನೇ ದಿನ ನಾಡಕಚೇರಿ ಮುಂದೆ ನಿಂತು ಅತ್ತವರನ್ನು ನೋಡಿದ್ದಾರಂತೆ.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆವು. ಡಿ.ಎಲ್.ಎಡ್. ಎರಡು ವರ್ಷ. ಕೊನೆಯ ವರ್ಷದಲ್ಲೇ ಟಿಇಟಿ ಪೇಪರ್ 1 ಬರೆಯಬಹುದು. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ಸಿಂಧು. ಆಮೇಲೆ ಮೂರು ವರ್ಷದ ಡಿಗ್ರಿ, ಗುಂಡ್ಲುಪೇಟೆ ಸರ್ಕಾರಿ ಕಾಲೇಜಿನಲ್ಲೋ, ಕೆಲಸ ಸಿಕ್ಕಿದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ. ಒಟ್ಟು ಐದು ವರ್ಷ. ಅಕ್ಕ ತಗೊಂಡದ್ದೂ ಐದೇ ವರ್ಷ. ಆದರೆ ತಂಗಿಯ ಐದು ವರ್ಷಕ್ಕೆ 1ರಿಂದ 5, 6ರಿಂದ 8 ಎರಡೂ ತೆರೆದಿರುತ್ತವೆ. ಹೈಸ್ಕೂಲ್ ಮಾತ್ರ ಇಲ್ಲ. ಡಿಗ್ರಿ ಮೊದಲು ಮಾಡಿ ಡಿ.ಎಲ್.ಎಡ್. ಆಮೇಲೆ ಮಾಡಿದರೂ ಕಾನೂನಿನಲ್ಲಿ ತೊಂದರೆಯಿಲ್ಲ. ನಾನು ಡಿ.ಎಲ್.ಎಡ್. ಮೊದಲು ಅಂದೆ. ನಡುವೆ ಮದುವೆ, ಸಾಲ, ಯಾರಿಗೋ ಕಾಯಿಲೆ ಅಂತ ಏನೇ ಬಂದು ಓದು ನಿಂತರೂ ಎರಡು ವರ್ಷಕ್ಕೆ ಕೈಯಲ್ಲೊಂದು ಅರ್ಹತೆ ಇರುತ್ತದೆ.

ಡಿಗ್ರಿಯ ವಿಷಯ ಆರಿಸುವಾಗಲೂ ಹುಷಾರಾಗಿರಬೇಕು. ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಡಿಗ್ರಿ ಇದೆಯೇ ಅಂತ ಮಾತ್ರ ನೋಡುವುದಿಲ್ಲ, ಯಾವ ವಿಷಯ ಓದಿದ್ದೀರಿ ಅಂತ ನೋಡುತ್ತಾರೆ. ಹಳೆಯ ಅಧಿಸೂಚನೆ ತೆಗೆದು ಓದಿ, ಆಮೇಲೆ ಕಾಲೇಜಿನ ಅರ್ಜಿ ತುಂಬಿ. ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ: 2022ರಲ್ಲಿ ಇಂಥ 15,000 ಹುದ್ದೆ ಕರೆದಾಗ, ಮದುವೆಯಾದವರು ಅಪ್ಪನ ಆದಾಯದ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ಜಗಳ ಹೈಕೋರ್ಟಿಗೆ ಹೋಗಿ ನೇಮಕಾತಿಯೇ ತಿಂಗಳುಗಟ್ಟಲೆ ನಿಂತಿತ್ತು. ಪ್ರಕಟಣೆಯ ಪ್ರತಿ ಸಾಲನ್ನೂ ಓದಬೇಕು.

ಟಿಇಟಿ ಪಾಸಾದರೆ ಕೆಲಸ ಸಿಕ್ಕಂತೆ ಅಲ್ಲ ಅನ್ನುವುದನ್ನೂ ಅವಳಿಗೆ ಬಿಡಿಸಿ ಹೇಳಿದೆ. ಸರ್ಕಾರಿ ಹುದ್ದೆಗೆ ಮತ್ತೊಂದು ಸ್ಪರ್ಧಾತ್ಮಕ ಪರೀಕ್ಷೆ ಇದೆ, ಅದನ್ನು ಪ್ರತಿ ವರ್ಷ ಕರೆಯುವುದಿಲ್ಲ. ಅಲ್ಲಿಯವರೆಗೆ ಅತಿಥಿ ಶಿಕ್ಷಕಿಯಾಗಿ ಕಡಿಮೆ ಗೌರವಧನಕ್ಕೆ ದುಡಿಯಬೇಕಾಗಬಹುದು. ನನ್ನ ಸಂಬಳದ ಸ್ಲಿಪ್ಪು ನೆನೆದು ನನಗೇ ಮುಜುಗರವಾಯಿತು. ಅವಳು ಕಿಟಕಿ ಕಡೆ ನೋಡುತ್ತಾ, ‘ಗೊತ್ತು ಅಣ್ಣ’ ಅಂದಳು ಅಷ್ಟೇ.

ಅರ್ಜಿ ಹಾಕಿದ್ದಾಯಿತು. ಗಂಡಿನ ಕಡೆಯವರು ಕೇಳಿದರೆ ‘ಡಿಗ್ರಿ ಮಾಡ್ತಾಳ, ಅದ್ಕೂ ಮುಂಚ ಟೀಚರ್ ಟ್ರೈನಿಂಗು’ ಅಂತ ಹೇಳುವುದು ಅಂತ ಚಿಕ್ಕಪ್ಪ ತಾವೇ ಉತ್ತರ ಹುಡುಕಿಕೊಂಡಿದ್ದಾರೆ. ಈಗ ಫೋನ್ ಮಾಡಿದರೆ ಅವರು ಕೇಳುವುದು, ಬೆಳಗ್ಗೆ ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ. ದೊಡ್ಡವಳು ಪೇಪರ್ 2ಕ್ಕೆ ಓದುತ್ತಿದ್ದಾಳೆ. ಮಕ್ಕಳ ಬೆಳವಣಿಗೆಯ 30 ಅಂಕದ ಭಾಗ ಎರಡೂ ಪೇಪರಿನಲ್ಲಿದೆ ಅಂತ, ತನ್ನ ನೋಟ್ಸನ್ನು ಜೆರಾಕ್ಸ್ ಮಾಡಿಸಿ ತಂಗಿಗೆ ಎತ್ತಿಟ್ಟಿದ್ದಾಳೆ.