ದ್ರಾಕ್ಷಾರಸದ ಭರಣಿಯೂ ಅಬಕಾರಿ ಕಾಯಿದೆಯೂ

ಡಿಸೆಂಬರ್ ಸಮೀಪಿಸಿದಂತೆ ಮಂಜೇಶ್ವರ, ಕುಂಬಳೆ, ಬೇಳ ಪರಿಸರದ ಕೆಲವು ಮನೆಗಳಲ್ಲಿ ಅಟ್ಟದ ಮೇಲಿನ ಭರಣಿಗಳು ಕೆಳಗಿಳಿಯುತ್ತವೆ. ಕ್ರಿಸ್‌ಮಸ್ಸಿಗೆಂದು ದ್ರಾಕ್ಷಿಯ ವೈನ್ ಹಾಕಿಡುವ ಪದ್ಧತಿ ಹಳೆಯದು. ಮೊಬೈಲಿನ ವಿಡಿಯೋಗಳ ದೆಸೆಯಿಂದ ಈಗ ಅದು ಆ ಹಬ್ಬವಿಲ್ಲದ ಮನೆಗಳಿಗೂ ಹಬ್ಬಿದೆ. ಭರಣಿ ಒಳ್ಳೆಯದೋ, ಗಾಜಿನ ಜಾಡಿಯೋ, ಪ್ಲಾಸ್ಟಿಕ್ ಡ್ರಮ್ ಸಾಕೋ ಎಂದು ಪರಿಚಿತರು ನನ್ನಲ್ಲಿಯೂ ವಿಚಾರಿಸುವುದುಂಟು. ಪ್ರಶ್ನೆ ಅಡುಗೆಮನೆಯದು. ಆದರೂ ಅದನ್ನು ವಕೀಲನಲ್ಲಿ ಕೇಳುವುದು ಅಸಂಗತವೇನಲ್ಲ, ಏಕೆಂದರೆ ನಮ್ಮ ರಾಜ್ಯದ ಅಬಕಾರಿ ಕಾಯಿದೆಯು ಮದ್ಯವನ್ನು ಮಾತ್ರವಲ್ಲ, ಪಾತ್ರೆಯನ್ನೂ ಹೆಸರಿಸಿ ಹೇಳುತ್ತದೆ.

ಮೊದಲು ಪಾತ್ರೆಯ ಗುಣವನ್ನೇ ನೋಡೋಣ. ಹುದುಗುವ ರಸವನ್ನು ತುಂಬಿದ ಪಾತ್ರೆ ಮೂರು ವೈರಿಗಳನ್ನು ಎದುರಿಸಬೇಕು: ಒಳಗಿನ ಅನಿಲ, ಹೊರಗಿನ ಗಾಳಿ, ರಸದ ಹುಳಿ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತದೆ. ಒಂದು ಕಿಲೋ ಸಕ್ಕರೆ ಪೂರ್ತಿಯಾಗಿ ಹುದುಗಿದರೆ ಹೊರಬರುವ ಅನಿಲ 250 ಲೀಟರಿಗೂ ಹೆಚ್ಚು. ಬಾಯಿಯನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿ ಸಿಡಿದು ಚೂರಾಗುವುದು ಈ ಕಾರಣದಿಂದ. ಮಕ್ಕಳು ಓಡಾಡುವ ಮನೆಯಲ್ಲಿ ಅದು ಸಣ್ಣ ಅಪಾಯವಲ್ಲ. ಅನಿಲ ಹೋಗಲೆಂದು ಬಾಯಿ ತೆರೆದಿಟ್ಟರೆ ಗಾಳಿಯೊಡನೆ ಬೇರೆ ಸೂಕ್ಷ್ಮಜೀವಿಗಳು ಪ್ರವೇಶಿಸಿ ರಸವನ್ನು ವಿನೆಗರ್ ಮಾಡಿಬಿಡುತ್ತವೆ.

ಯುರೋಪಿನವರು ಇದಕ್ಕೆ ಕಂಡುಕೊಂಡ ಉತ್ತರ ಓಕ್ ಮರದ ಪೀಪಾಯಿ. ಎಲ್ಲ ಓಕ್ ಮರಗಳೂ ಅದಕ್ಕೆ ಒದಗುವುದಿಲ್ಲ. ಬಿಳಿ ಓಕ್‌ನ ನಾಳಗಳು ಸ್ವಾಭಾವಿಕವಾಗಿಯೇ ಮುಚ್ಚಿಕೊಂಡಿರುವುದರಿಂದ ಅದು ದ್ರವವನ್ನು ಹಿಡಿದಿಡುತ್ತದೆ. ಕೆಂಪು ಓಕ್ ಸೋರುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ಪೀಪಾಯಿಯ ಅಳತೆ 225 ಲೀಟರು. ಪೀಪಾಯಿ ಚಿಕ್ಕದಾದಷ್ಟೂ ರಸದ ಪ್ರಮಾಣಕ್ಕೆ ಹೋಲಿಸಿದರೆ ಮರದ ಸಂಪರ್ಕ ಅಧಿಕವಾಗಿ, ಮರದ ಒಗರು ಬೇಗನೆ ಮೇಲುಗೈ ಪಡೆಯುತ್ತದೆ. ಹೀಗಾಗಿ ಅಲಂಕಾರಕ್ಕೆಂದು ಮಾರುವ ಐದು ಲೀಟರಿನ ಪುಟ್ಟ ಪೀಪಾಯಿಯಲ್ಲಿ ವರ್ಷಗಟ್ಟಲೆ ವೈನ್ ಇಡುವುದು ವ್ಯರ್ಥ. ಬರಿದಾದ ಪೀಪಾಯಿ ಒಣಗಿದರೆ ಹಲಗೆಗಳು ಕುಗ್ಗಿ ಬಿರುಕು ಬಿಡುತ್ತವೆ. ಮತ್ತೆ ನೀರು ತುಂಬಿ ಮರ ಉಬ್ಬುವವರೆಗೆ ಕಾಯಬೇಕು. ಬಿಯರಿನ ಅಗತ್ಯ ಬೇರೆ. ಅದರೊಳಗಿನ ಅನಿಲ ಹೋಗಿಬಿಟ್ಟರೆ ರುಚಿಯೇ ಹೋದಂತೆ. ಆದ್ದರಿಂದ ಒತ್ತಡವನ್ನು ತಾಳುವ ಉಕ್ಕಿನ ಪೀಪಾಯಿಯೇ ಅದಕ್ಕೆ ತಕ್ಕುದು.

ನಮ್ಮ ಭರಣಿಯ ನಿಜವಾದ ಬಂಧುಗಳಿರುವುದು ಜಾರ್ಜಿಯಾ ದೇಶದಲ್ಲಿ. ಅಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹಂಡೆಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ಒಳಮೈಗೆ ಜೇನುಮೇಣ ಸವರಿ ದ್ರಾಕ್ಷಾರಸವನ್ನು ಹುದುಗಿಸುತ್ತಾರೆ. 2013ರಲ್ಲಿ ಯುನೆಸ್ಕೋ ಈ ವಿಧಾನವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಸವ, ಅರಿಷ್ಟಗಳನ್ನು ತುಪ್ಪ ಸವರಿದ ಮಡಕೆಯಲ್ಲಿ ತುಂಬಿ, ಬಾಯಿ ಕಟ್ಟಿ, ಧಾನ್ಯದ ರಾಶಿಯಲ್ಲೋ ಮಣ್ಣಿನಲ್ಲೋ ಹುಗಿದಿಡಬೇಕೆಂಬ ಆಯುರ್ವೇದದ ವಿಧಿಯ ಹಿಂದೆಯೂ ಇದೇ ತಿಳಿವಳಿಕೆಯಿದೆ: ತಂಪು ಏರುಪೇರಾಗಬಾರದು, ಮಣ್ಣಿನ ರಂಧ್ರ ಮುಚ್ಚಿರಬೇಕು.

ಭರಣಿಯನ್ನು ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಬೇಕು. ಸದ್ದು ಗಂಟೆಯಂತೆ ಬಂದರೆ ಲೇಸು, ಬೊದ್ದಾಗಿದ್ದರೆ ಎಲ್ಲಿಯೋ ಸೀಳು ಇದೆ. ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಹೊರಮೈ ಒದ್ದೆಯಾಗಿದೆಯೇ ಎಂದು ಪರೀಕ್ಷಿಸಬೇಕು. ಮೆರುಗಿನಲ್ಲಿ ಕೂದಲೆಳೆಯಂತಹ ಬಿರುಕುಗಳಿದ್ದರೆ, ಅಥವಾ ಅದು ಕೇವಲ ಶೋಭೆಗಾಗಿ ಬಣ್ಣ ಹಚ್ಚಿದ ಪಾತ್ರೆಯಾಗಿದ್ದರೆ ಬೇಡ. ಕೆಲವು ಮೆರುಗುಗಳಲ್ಲಿ ಸೀಸವಿರುತ್ತದೆ. ಹುಳಿ ಅದನ್ನು ಕರಗಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಮತ್ತು ತಾಮ್ರಗಳು ಹುಳಿಗೆ ಸಲ್ಲವೆಂಬುದು ನಮ್ಮ ಅಜ್ಜಿಯಂದಿರಿಗೂ ತಿಳಿದಿತ್ತು. ಸ್ಟೀಲು ಹುಳಿಯನ್ನು ತಾಳಿದರೂ ಉಪ್ಪುನೀರು ತಿಂಗಳುಗಟ್ಟಲೆ ನಿಂತರೆ ಅದರಲ್ಲಿಯೂ ಚುಕ್ಕೆ ಚುಕ್ಕೆಯಾಗಿ ತೂತು ಬೀಳಬಹುದು. ಪೇಂಟ್ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಬಾರದು.

ಇನ್ನು ಕಾನೂನು. ಕೇರಳದ ಅಬಕಾರಿ ಕಾಯಿದೆ ಮೂಲತಃ ಕೊಚ್ಚಿ ಸಂಸ್ಥಾನದ್ದು, ಕೊಲ್ಲವರ್ಷ 1077ರದು. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅದರ 55ನೆಯ ಕಲಮಿನಂತೆ ಅಪರಾಧ. ಶಿಕ್ಷೆ 10 ವರ್ಷಗಳವರೆಗಿನ ಸೆರೆಮನೆ, ಜೊತೆಗೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸ್ವಂತ ಮನೆಗೆ, ಎರಡೇ ಲೀಟರು, ಮಾರಾಟಕ್ಕಲ್ಲ ಎಂಬ ಸಮಾಧಾನಗಳು ತಯಾರಿಕೆಯ ಅಪರಾಧವನ್ನು ಅಳಿಸುವುದಿಲ್ಲ. ಅದೇ ಕಲಮಿನ ಇನ್ನೊಂದು ಉಪಖಂಡದಂತೆ, ಮದ್ಯ ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣಗಳನ್ನು ಇರಿಸಿಕೊಳ್ಳುವುದೂ ಅಪರಾಧವೇ. ಹಾಗೆಂದು ಅಟ್ಟದ ಮೇಲಿನ ಖಾಲಿ ಭರಣಿಗೆ ಯಾರೂ ಹೆದರಬೇಕಾಗಿಲ್ಲ. ಇಲ್ಲಿ ಉದ್ದೇಶವೇ ಮುಖ್ಯ. ಆದರೆ ಹುದುಗುತ್ತಿರುವ ದ್ರಾಕ್ಷಿಯ ಸಹಿತ ಭರಣಿ ಸಿಕ್ಕಿದರೆ 64ನೆಯ ಕಲಮು ಎದುರಾಗುತ್ತದೆ: ವಶದಲ್ಲಿರುವುದಕ್ಕೆ ತೃಪ್ತಿಕರ ವಿವರಣೆ ಕೊಡಲಾಗದಿದ್ದರೆ ಅಪರಾಧ ನಡೆದಿದೆಯೆಂದೇ ನ್ಯಾಯಾಲಯ ಊಹಿಸಬಹುದು. ಅಲ್ಲದೆ ಇದು ಸುಲಭವಾಗಿ ಜಾಮೀನು ದೊರೆಯುವ ಪ್ರಕರಣವೂ ಅಲ್ಲ. 2019ರ ಡಿಸೆಂಬರಿನಲ್ಲಿ ಅಬಕಾರಿ ಇಲಾಖೆ ಎಚ್ಚರಿಸಿದಾಗ ಬಹಳಷ್ಟು ಮಂದಿ ಅದನ್ನು ಹೊಸ ಕಾನೂನೆಂದು ತಿಳಿದರು; ಕಾನೂನು ಹಳೆಯದೇ ಆಗಿತ್ತು.

ಒಂದು ಭರಣಿ ವೈನಿಗೂ ಸಾರಾಯಿ ಭಟ್ಟಿಗೂ ಒಂದೇ ತೂಕದ ಶಿಕ್ಷೆಯಿರುವುದು ನನ್ನ ಮಟ್ಟಿಗೆ ಸರಿಯೆನಿಸದು. ಆದರೆ ತಿದ್ದುಪಡಿಯಾಗುವ ತನಕ ಕಾಯಿದೆ ಕಾಯಿದೆಯೇ. ಹಣ್ಣಿನ ವೈನಿಗಾಗಿ 2022ರಲ್ಲಿ ರಾಜ್ಯ ಸರಕಾರ ಸಣ್ಣ ಘಟಕಗಳ ನಿಯಮಗಳನ್ನು ತಂದಿದೆ. ಕೃಷಿಕರು ಹಣ್ಣುಗಳನ್ನು ಆ ದಾರಿಯಲ್ಲಿ ಬಳಸಬಹುದು, ಪರವಾನಗಿ ಪಡೆದ ಮೇಲೆ.

ಪರವಾನಗಿಯ ಗೋಜಿಲ್ಲದೆ ಭರಣಿಯನ್ನು ತುಂಬಲು ನಮ್ಮಲ್ಲಿ ಪದಾರ್ಥಗಳಿಗೇನೂ ಬರವಿಲ್ಲ. ಬೇಸಗೆಯಲ್ಲಿ ಹಾಕಿಟ್ಟ ಉಪ್ಪುಸೊಳೆ ಆಟಿ ತಿಂಗಳ ಉಂಡ್ಲಕಾಳಿಗೆ ಒದಗುತ್ತದೆ, ಮಾವಿನ ಮಿಡಿ ವರ್ಷವಿಡೀ ಊಟಕ್ಕೆ. ಹಬ್ಬಕ್ಕೆ ದ್ರಾಕ್ಷಿಯೇ ಬೇಕೆಂದಾದರೆ ಏಲಕ್ಕಿ, ಚಕ್ಕೆ ಹಾಕಿ ಕುದಿಸಿ ಸೋಸಿದ ರಸವನ್ನು ಅಂದಂದೇ ಕುಡಿಯಬಹುದು, ಮಕ್ಕಳಿಗೂ ಕೊಡಬಹುದು.

ಗಡಿನಾಡಿನವರಿಗೆ ಇನ್ನೊಂದು ಮಾತು. ಮಂಗಳೂರಿನ ನೆಂಟರು ಪ್ರೀತಿಯಿಂದ ತರುವ ಮನೆಯ ವೈನಿನ ಬಾಟಲಿ ತಲಪಾಡಿ ದಾಟಿದೊಡನೆ ಅಕ್ರಮ ಆಮದಾಗುತ್ತದೆ. ಅದೂ 55ನೆಯ ಕಲಮಿನ ವ್ಯಾಪ್ತಿಯೇ. 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲಿಯೂ ಪರವಾನಗಿರಹಿತ ತಯಾರಿಕೆ ಅಪರಾಧವಾದ್ದರಿಂದ, ಅವರು ಅದನ್ನು ಅಲ್ಲಿಯೇ ಇಟ್ಟು ಬಂದರೂ ಪೂರ್ತಿ ನಿಶ್ಚಿಂತರಲ್ಲ.